ತಿದ್ದುವುದೂ ಬಲೆ ಸರಿಮಾಡುವ ಕೆಲಸವೇ

ಪ್ರಾರ್ಥನಾ ಕೂಟ ನಡೆದಿತ್ತು. ಹಿರಿಯರೊಬ್ಬರು ಕಣ್ಣು ಮುಚ್ಚಿ, "ಕರ್ತನೇ, ಕುಡಿತ ಬಿಡಲಾಗದ ಒಬ್ಬ ಸಹೋದರ ನಮ್ಮ ಮಧ್ಯೆ ಇದ್ದಾನೆ, ಅವನನ್ನು ಮುಟ್ಟು" ಅಂತ ಜೋರಾಗಿ ಬೇಡಿಕೊಂಡರು. ಹೆಸರು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಯಿತು. ನಾನು ಕಣ್ಣು ತೆರೆದೆ. ಹಿಂದಿನ ಸಾಲಿನ ಆ ಯುವಕ ಬೈಬಲನ್ನು ಚೀಲದಲ್ಲಿಟ್ಟು, ಸದ್ದಾಗದ ಹಾಗೆ ಮೆಲ್ಲಗೆ ಜಿಪ್ ಎಳೆಯುತ್ತಿದ್ದ. ಆಮೆನ್ ಅನ್ನುವಷ್ಟರಲ್ಲಿ ಅವನ ಕುರ್ಚಿ ಖಾಲಿ.

ಸಭಾಪಾಲಕನಾಗಿದ್ದೂ ಅವತ್ತು ನಾನು ಸುಮ್ನೆ ಕೂತಿದ್ದೆ. ಅದು ನನ್ನ ತಪ್ಪು. ಹಿರಿಯರು ಹೇಳಿದ್ದು ಸುಳ್ಳಲ್ಲ. ಅವರಿಗೆ ಅವನ ಮೇಲೆ ದ್ವೇಷವೂ ಇರಲಿಲ್ಲ. ಆದರೆ ಅವನೊಬ್ಬನಿಗೇ ಹೇಳಬೇಕಾದ ಮಾತು ಎಲ್ಲರ ಕಿವಿಗೂ ಬಿತ್ತು.

ಮತ್ತಾಯ 18:15ರಲ್ಲಿ ಯೇಸು ಹೇಳುವ ಮೊದಲ ಹೆಜ್ಜೆ, ಇಬ್ಬರೇ ಇರುವಾಗ ಮಾತಾಡುವುದು. ಸಭೆಯ ಮುಂದೆ ತರುವುದು ಕಟ್ಟಕಡೆಗೆ. ನಾವು ಎಷ್ಟೋ ಸಲ ಅಲ್ಲಿಂದಲೇ ಶುರುಮಾಡುತ್ತೇವೆ, ಅಲ್ವಾ? ಅವನು ಕೇಳಿದರೆ ಸಹೋದರನನ್ನು ಸಂಪಾದಿಸಿಕೊಂಡೆ ಅನ್ನುತ್ತದೆ ಅದೇ ವಚನ. ವಾದ ಗೆದ್ದೆ ಅನ್ನುವುದಿಲ್ಲ.

ಗಲಾತ್ಯ 6:1ರಲ್ಲಿ ಪೌಲನು, ತಪ್ಪಿನಲ್ಲಿ ಸಿಕ್ಕಿಕೊಂಡವನನ್ನು ಶಾಂತಭಾವದಿಂದ ಸರಿಮಾಡಿ ಅನ್ನುತ್ತಾನೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ಕತಾರ್ತಿಝೋ. ಮಾರ್ಕ 1:19ರಲ್ಲಿ ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರಲ್ಲ, ಅಲ್ಲಿರುವುದೂ ಅದೇ ಪದ. ಬಲೆಯನ್ನು ತೊಡೆಯ ಮೇಲೆ ಎಳೆದುಕೊಳ್ಳಬೇಕು. ಹರಿದ ಜಾಗವನ್ನು ಬೆರಳಲ್ಲಿ ಹುಡುಕಬೇಕು. ಒಂದೊಂದೇ ಗಂಟು ಹಾಕಬೇಕು. ದೂರ ನಿಂತು ಆಗುವ ಕೆಲಸ ಅಲ್ಲ.

"ತೀರ್ಪು ಮಾಡಬೇಡಿ" ಅನ್ನುವ ವಚನ ಹಿಡಿದು ಬಾಯಿ ಮುಚ್ಚಿಕೊಳ್ಳುವವರೂ ಇದ್ದಾರೆ. ಮುಂದೆ ಮತ್ತಾಯ 7:5ರವರೆಗೆ ಓದಿ. ನಿನ್ನ ಕಣ್ಣಿನ ತೊಲೆ ತೆಗೆದ ಮೇಲೆ ಸಹೋದರನ ಕಣ್ಣಿನ ರವೆ ತೆಗೆಯಬಹುದು ಅಂತಲೇ ಇದೆ.

ನನಗೆ ಜಾಸ್ತಿ ಕಲಿಸಿದ್ದು ಯೋಹಾನ 21. ಯೇಸುವನ್ನು ಬಂಧಿಸಿದ ರಾತ್ರಿ ಶಿಷ್ಯ ಪೇತ್ರ ಅವನನ್ನು ಅರಿಯೆನೆಂದದ್ದು ಇದ್ದಲಿನ ಬೆಂಕಿಯ ಹತ್ತಿರ. ಪುನರುತ್ಥಾನದ ನಂತರ ದಡದಲ್ಲಿ ಯೇಸು ಸಿದ್ಧಮಾಡಿದ್ದೂ ಇದ್ದಲಿನ ಬೆಂಕಿಯೇ. ಮೊದಲು ಊಟ ಕೊಟ್ಟನು. ಆಮೇಲೆ ಮಾತು. ಆ ರಾತ್ರಿಯ ಹೆಸರೆತ್ತದೆ, "ನನ್ನನ್ನು ಪ್ರೀತಿಸುತ್ತೀಯಾ?" ಅಂತ ಮೂರು ಸಲ ಕೇಳಿದನು. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ಮೃದುವಾಗಿ ತಿದ್ದಿದರೂ ನೋವಾಗಬಹುದು. ಆದರೆ ಆ ನೋವಿನ ಜೊತೆಗೇ ಕುರಿಗಳನ್ನು ಕಾಯುವ ಕೆಲಸವೂ ಪೇತ್ರನಿಗೆ ಸಿಕ್ಕಿತು.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ, ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ, ಅದನ್ನು ಗುಟ್ಟಾಗಿ ಮಾತಾಡಿ ಮುಗಿಸಬೇಡಿ. ಮೊದಲು ಅವರನ್ನು ಕಾಪಾಡಿ. ಪೊಲೀಸರಿಗೆ ತಿಳಿಸಿ.

ಆ ಯುವಕನ ಮನೆಗೆ ನಾನು ಹೋದಾಗ ಎರಡು ವಾರ ಕಳೆದಿತ್ತು. ಮೊದಲು ಕ್ಷಮೆ ಕೇಳಿದೆ. ಕುಡಿತದ ಮಾತೆತ್ತಲಿಲ್ಲ. "ರಾತ್ರಿ ನಿದ್ದೆ ಬರುತ್ತಾ?" ಅಂದೆ. ತುಂಬಾ ಹೊತ್ತು ನೆಲ ನೋಡಿಕೊಂಡಿದ್ದು, "ಇಲ್ಲ ಪಾಸ್ಟರ್" ಅಂದ. ಆಮೇಲೆ ಅವನೇ ಎಲ್ಲ ಹೇಳಿಕೊಂಡ. ನಾನು ಹೊರಡಲು ಎದ್ದಾಗ, "ಡಾಕ್ಟರ ಹತ್ತಿರ ಹೋದರೆ ಜೊತೆಗೆ ಬರ್ತೀರಾ?" ಅಂತ ಕೇಳಿದ.