ಪ್ಲೇಟ್‌ಲೆಟ್‌ಗೆ ಕಡಿವಾಣ ಹಾಕುವ ಅನಿಲ

ಮಳೆಗಾಲದ ಡೆಂಗಿ ಜ್ವರ ಶುರುವಾಯಿತೆಂದರೆ ದಾವಣಗೆರೆಯ ಪಿ.ಜೆ. ಬಡಾವಣೆಯ ಲ್ಯಾಬುಗಳ ಮುಂದೆ ಕೇಳಿಬರುವ ಮಾತು ‘ಪ್ಲೇಟ್‌ಲೆಟ್ ಎಷ್ಟೈತಿ?’ ರಕ್ತ ಹೆಪ್ಪುಗಟ್ಟಿಸುವ ಈ ಕಣಗಳು ರಕ್ತದ ಮೈಕ್ರೋಲೀಟರಿಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇದ್ದರೆ ಎಲ್ಲರಿಗೂ ಸಮಾಧಾನ. ಅಷ್ಟು ಲಕ್ಷ ಕಣಗಳು ಗಾಯವಿಲ್ಲದ ಕಡೆ ಒಂದಕ್ಕೊಂದು ಅಂಟದೆ ಹರಿಯುವುದು ಹೇಗೆಂದು ಮಾತ್ರ ಆ ಎಣಿಕೆಯಿಂದ ತಿಳಿಯುವುದಿಲ್ಲ.

ಇದರ ಉತ್ತರ ಹೃದಯದ ಔಷಧಿಯ ಬೆನ್ನು ಹಿಡಿದು ಬಂತು. ಎದೆನೋವಿಗೆ ನೈಟ್ರೋಗ್ಲಿಸರಿನ್ ಕೊಡುವುದು 1879ರಷ್ಟು ಹಳೆಯದು. ಅದರಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊಮ್ಮುತ್ತದೆ ಎಂಬುದನ್ನು ವಿಜ್ಞಾನಿ ಫರೀದ್ ಮುರಾದ್ ಕಂಡುಕೊಂಡದ್ದು 1977ರಲ್ಲಿ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್, ಮೊಲದ ಮಹಾಪಧಮನಿಯ ಒಳಪೊರೆ ಉಜ್ಜಿಹೋದರೆ, ರಕ್ತನಾಳ ಸಡಿಲಿಸುವ ಅಸಿಟೈಲ್‌ಕೋಲಿನ್ ಹಾಕಿದರೂ ಅದು ಸಡಿಲವಾಗುವುದಿಲ್ಲ ಎಂದು ತೋರಿಸಿದರು. ಆ ಪೊರೆ ಸುರಿಸುವ ವಸ್ತು ನೈಟ್ರಿಕ್ ಆಕ್ಸೈಡೇ ಎಂದು 1987ರಲ್ಲಿ ಸಾಲ್ವಡಾರ್ ಮೊಂಕಾಡಾ ತಂಡ ಸಾಧಿಸಿತು. ಪ್ಲೇಟ್‌ಲೆಟ್‌ಗಳ ಗುಂಪುಗೂಡುವಿಕೆಯನ್ನು ಅದು ತಡೆಯುತ್ತದೆಂದೂ ಅದೇ ವರ್ಷ ವರದಿ ಮಾಡಿತು. ಈ ಅನಿಲದ ಸಂಶೋಧನೆಗೆ 1998ರ ನೊಬೆಲ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಮುರಾದ್ ಅವರಿಗೆ ಸಂದಿತು. ಪ್ಲೇಟ್‌ಲೆಟ್ ವಿಷಯದಲ್ಲಿ ಇಷ್ಟು ದುಡಿದ ಮೊಂಕಾಡಾ ಅವರನ್ನು ಕೈಬಿಟ್ಟದ್ದು ಸರಿಯಲ್ಲ.

ಕೆಲಸ ನಡೆಯುವುದು ಹೀಗೆ. ರಕ್ತನಾಳದ ಒಳಪೊರೆ ಎಲ್-ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಈ ಅನಿಲವನ್ನು ತಯಾರಿಸುತ್ತದೆ. ಅದರ ಆಯಸ್ಸು ಕೆಲವೇ ಸೆಕೆಂಡು. ಪಕ್ಕದಲ್ಲಿ ಹಾಯುವ ಪ್ಲೇಟ್‌ಲೆಟ್‌ನೊಳಗೆ ನುಸುಳಿ ಗ್ವಾನೈಲೇಟ್ ಸೈಕ್ಲೇಸ್ ಕಿಣ್ವದ ಕಬ್ಬಿಣಕ್ಕೆ ಅಂಟಿಕೊಂಡಾಗ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಏರುತ್ತದೆ. ಅದು ಎಚ್ಚರಿಸುವ ಕೈನೇಸ್ ಎಂಬ ಇನ್ನೊಂದು ಕಿಣ್ವ ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬೀಳದಂತೆ ಹಿಡಿಯುತ್ತದೆ. ಕ್ಯಾಲ್ಸಿಯಂ ಏರದಿದ್ದರೆ ಕಣಗಳನ್ನು ಬೆಸೆಯುವ ಪ್ರೋಟೀನಾದ ಫೈಬ್ರಿನೋಜನ್ ಹಿಡಿಯುವ ಗ್ರಾಹಕ ತೆರೆದುಕೊಳ್ಳುವುದಿಲ್ಲ, ಗಂಟು ಕಟ್ಟುವುದಿಲ್ಲ. ಗಾಯವಾದಲ್ಲಿ ಪೊರೆಯೇ ಇಲ್ಲ, ಅದರಡಿಯ ಕೊಲಾಜನ್ ನಾರು ಬಯಲಾಗಿರುತ್ತದೆ; ಹಾಗಾಗಿ ರಕ್ತ ಹೆಪ್ಪುಗಟ್ಟುವುದು ಅಲ್ಲಿಯೇ. ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ ಈ ಅನಿಲವನ್ನು ತಿಂದುಹಾಕುತ್ತವೆ. ಕೆಂಪುಕಣ ಒಡೆದು ಹೊರಬಿದ್ದ ಹಿಮೋಗ್ಲೋಬಿನ್ ಇನ್ನೂ ವೇಗವಾಗಿ ಹೀರುತ್ತದೆ.

ಪ್ಲೇಟ್‌ಲೆಟ್ ತಾನೇ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ ಎಂದು 1990ರಲ್ಲಿ ಬಂದ ವಾದ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ತಯಾರಿಸುವ ಕಿಣ್ವ ಪ್ಲೇಟ್‌ಲೆಟ್‌ನಲ್ಲಿ ಇಲ್ಲವೆನ್ನುವವರೂ ಇದ್ದಾರೆ.

ಪ್ಲೇಟ್‌ಲೆಟ್‌ಗಳ ನಡವಳಿಕೆ ನೋಡಲು 1962ರಿಂದ ಇರುವುದು ಅಗ್ರಿಗೇಷನ್ (ಗುಂಪುಗೂಡುವಿಕೆ) ಪರೀಕ್ಷೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ 0.3 ಮಿ.ಲೀ. ಸಿಟ್ರೇಟ್ (ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ) ಇದ್ದರೆ ರಕ್ತ 2.7 ಮಿ.ಲೀ., ಗೆರೆ ಮುಟ್ಟುವಷ್ಟು. ಕಡಿಮೆ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಫಲಿತಾಂಶ ಕೆಡುತ್ತದೆ. ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಇಲ್ಲಿ ಆಗದು. ಅದು ಗಂಟು ಕಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಪೂರ್ತಿ ಕಸಿದುಕೊಳ್ಳುತ್ತದೆ. ನಿಧಾನವಾಗಿ ತಿರುಗಿಸಿ ಬೇರ್ಪಡಿಸಿದ, ಪ್ಲೇಟ್‌ಲೆಟ್ ಉಳಿದ ಪ್ಲಾಸ್ಮಾಕ್ಕೆ (ರಕ್ತದ ದ್ರವ ಭಾಗ) 37 ಡಿಗ್ರಿಯಲ್ಲಿ, ಪ್ಲೇಟ್‌ಲೆಟ್ ಕೆರಳಿಸುವ ಎಡಿಪಿ ಹನಿಸಿದರೆ ಗಂಟು ಕಟ್ಟುತ್ತಾ ಬೆಳಕು ಹೆಚ್ಚು ಹಾಯುತ್ತದೆ. ಮೊದಲೇ ಸೋಡಿಯಂ ನೈಟ್ರೊಪ್ರುಸೈಡ್ ಬೆರೆಸಿದ್ದರೆ ಅದರಿಂದ ಹೊಮ್ಮುವ ನೈಟ್ರಿಕ್ ಆಕ್ಸೈಡ್ ಆ ಏರಿಕೆಯನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರ ಪ್ಲೇಟ್‌ಲೆಟ್ ಎಷ್ಟೋ ಸಲ ಈ ಕಡಿವಾಣಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಮಾದರಿ ಕಳಿಸುವವರು ಐಸ್ ಡಬ್ಬಿಯಲ್ಲಿ ಇಡಬಾರದು. ತಣ್ಣಗಾದ ಪ್ಲೇಟ್‌ಲೆಟ್ ಆಕಾರ ಬದಲಿಸಿ ತಾನಾಗಿಯೇ ಕೆರಳುತ್ತದೆ. ಕೋಣೆಯ ಉಷ್ಣತೆಯಲ್ಲೇ ತಂದು ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಸಬೇಕು. ಆಸ್ಪಿರಿನ್ ನುಂಗಿದ್ದರೆ ಅದರ ಪರಿಣಾಮ ಪ್ಲೇಟ್‌ಲೆಟ್ ಸಾಯುವವರೆಗೆ, ಅಂದರೆ 7ರಿಂದ 10 ದಿನ ಇರುತ್ತದೆ. ಹಾಗಾಗಿ ಸೂಜಿ ಚುಚ್ಚುವ ಮುನ್ನ ಮಾತ್ರೆ ಚೀಟಿ ನೋಡಬೇಕು. ಸ್ಟೆಂಟ್ ಹಾಕಿಸಿಕೊಂಡವರು ಪರೀಕ್ಷೆಗೆಂದು ಆಸ್ಪಿರಿನ್ ತಾವಾಗಿ ನಿಲ್ಲಿಸಬಾರದು.