ಪಲ್ಪರ್ ನೀರಿಗೆ ಎಷ್ಟು ಅಂಕ?

ಪರಿಸರ, ಕಾರ್ಮಿಕರು, ಆಡಳಿತ ಎಂದು ಪಟ್ಟಿ ಮಾಡುತ್ತ ಹೋದರೆ ಕೊಡಗಿನಲ್ಲಿ ತೋಟಗಳಿರುವ ಕಾಫಿ ಕಂಪನಿಗೆ ಐವತ್ತು ವಿಷಯಗಳಾದರೂ ಸಿಗುತ್ತವೆ. ಅವುಗಳಲ್ಲಿ ನಿಜಕ್ಕೂ ಗುರುತರವಾದವು ಯಾವುವೆಂದು ಆಧಾರಸಹಿತ ತೀರ್ಮಾನಿಸುವುದೇ ಮೆಟೀರಿಯಾಲಿಟಿ ಅಸೆಸ್‌ಮೆಂಟ್. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಸಲ್ಲಿಸಬೇಕಾದ ಸುಸ್ಥಿರತಾ ವರದಿಯಲ್ಲೂ ಇಂಥ ವಿಷಯಗಳನ್ನು ಹೆಸರಿಸಬೇಕು.

ಪ್ರತಿ ವಿಷಯಕ್ಕೂ ಎರಡು ಪ್ರಶ್ನೆ ಹಾಕಿ, ಎರಡೂ ಉತ್ತರಗಳಿಗೆ ಅಂಕ ಕೊಡಬೇಕು: ಕಂಪನಿಯಿಂದ ಜನರಿಗೆ, ಪರಿಸರಕ್ಕೆ ಏನಾಗುತ್ತದೆ? ಆ ವಿಷಯದಿಂದ ಕಂಪನಿಯ ಹಣಕಾಸಿಗೆ ಏನಾಗುತ್ತದೆ? ಫೆಬ್ರುವರಿ-ಮಾರ್ಚ್‌ನಲ್ಲಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ರೋಬಸ್ಟಾ ಕಾಫಿ ಫಸಲು ಕುಸಿಯುತ್ತದೆ. ಇದು ನೇರವಾಗಿ ಎರಡನೆಯದು. ಪಲ್ಪಿಂಗ್ ನೀರಿನ, ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಹೊರಬರುವ ನೀರಿನ ಲೆಕ್ಕ ಬೇರೆ. ಹಣ್ಣಿನ ಸಿಪ್ಪೆ, ಲೋಳೆಯಿಂದ ಸಕ್ಕರೆ ಅಂಶ ತುಂಬಿದ ಆ ನೀರು ತೋಡು (ಹಳ್ಳ) ಸೇರಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ, ಮೀನು ಸಾಯುತ್ತವೆ. ಕೊಯ್ಲು ನಡೆಯುವ ಡಿಸೆಂಬರ್-ಫೆಬ್ರುವರಿಯಲ್ಲಿ ತೋಡಿನ ಹರಿವೇ ಕಡಿಮೆ, ಆದ್ದರಿಂದ ಪೆಟ್ಟು ಇನ್ನೂ ಜೋರು. ಕಂಪನಿಯ ಖಾತೆಯಲ್ಲಿ ಮಾತ್ರ ಆ ವರ್ಷ ಒಂದು ರೂಪಾಯಿ ನಷ್ಟವೂ ಕಾಣದೆ ಇರಬಹುದು. ಎರಡು ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆದರೆ ತೋಡು ಪಟ್ಟಿಯಿಂದಲೇ ಜಾರಿಹೋಗುತ್ತದೆ. ಎರಡರಲ್ಲಿ ಒಂದು ಕಡೆ ಅಂಕ ಗೊತ್ತುಪಡಿಸಿದ ಮಿತಿ ದಾಟಿದರೂ ವಿಷಯ ಒಳಗೆ ಬರಬೇಕು.

ಹಾನಿಯ ತೀವ್ರತೆಯನ್ನು ಅಳೆಯುವುದು ಮೂರು ನೆಲೆಯಲ್ಲಿ: ಎಷ್ಟು ಗಂಭೀರ, ಎಷ್ಟು ವ್ಯಾಪಕ, ಸರಿಪಡಿಸಲು ಸಾಧ್ಯವೇ. ಆಮೇಲೆ ಸಂಭವನೀಯತೆ. ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ. ಕಚೇರಿಯ ಕಾಗದ ಬಳಕೆಗೆ ಐದರಲ್ಲಿ ತೀವ್ರತೆ 2, ಸಂಭವ 5 ಎಂದಿಟ್ಟು ಗುಣಿಸಿದರೆ 10. ಬೆಳಗ್ಗೆ ಕೆಲಸಕ್ಕೆ ಹೊರಟ ಕಾರ್ಮಿಕನನ್ನು ತೋಟದಲ್ಲಿ ಆನೆ ತುಳಿಯುವ ಅಪಾಯಕ್ಕೆ ತೀವ್ರತೆ 5, ಸಂಭವ 1. ಗುಣಲಬ್ಧ ಬರೀ 5. ಕಾಗದ ಗೆದ್ದಿತು! ಮಾನವ ಹಕ್ಕಿನ ವಿಷಯದಲ್ಲಿ ಸಂಭವಕ್ಕಿಂತ ತೀವ್ರತೆಗೇ ಆದ್ಯತೆ ಎಂದು ಯುರೋಪಿನ ಸುಸ್ಥಿರತಾ ವರದಿ ಮಾನದಂಡ ಹೇಳುವುದು ಇದಕ್ಕಾಗಿಯೇ. ಹೋದ ಜೀವವನ್ನು ಯಾವ ಪರಿಹಾರವೂ ಮರಳಿ ತರುವುದಿಲ್ಲ.

ಅಂಕ ಕೊಡುವ ಮುನ್ನ ಯಾರನ್ನು ಕೇಳುತ್ತೀರಿ? ಇಮೇಲ್ ಪ್ರಶ್ನಾವಳಿಗೆ ಖರೀದಿದಾರರು, ಬ್ಯಾಂಕಿನವರು ಉತ್ತರಿಸುತ್ತಾರೆ, ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಲ್ಲ. ತೋಟದ ಲೆಕ್ಕ ನೋಡುವ ರೈಟರ್, ಮೇಸ್ತ್ರಿ ಎದುರಿಗೆ ನಿಲ್ಲಿಸಿ ಕೇಳಿದರೆ ಯರವ, ಕುರುಬ ಬುಡಕಟ್ಟಿನ ಕಾರ್ಮಿಕರಿಂದ ಬರುವ ಉತ್ತರ ಒಂದೇ: ಎಲ್ಲಾ ಚೆನ್ನಾಗಿದೆ. ಹೊರಗಿನವರು, ಅವರ ಭಾಷೆ ಬಲ್ಲವರು, ಹೆಂಗಸರೊಡನೆ ಬೇರೆಯಾಗಿ ಕುಳಿತು ಕೇಳಬೇಕು. ಅದೂ ಕೊಯ್ಲಿನ ಸಮಯದಲ್ಲೇ ಆಗಬೇಕು. ಅಸ್ಸಾಮಿನಿಂದ ಕೊಯ್ಲಿಗೆಂದು ಬಂದವರು ಜೂನ್ ಮಳೆಯಲ್ಲಿ ಸಿಗಲಾರರು. ಮೀನಿನ ಪರವಾಗಿ ಮಾತಾಡಲು ನೀರಿನ ಪರೀಕ್ಷಾ ವರದಿಯೇ ಬೇಕು, ತೋಡಿನ ಹರಿವಿನಲ್ಲಿ ಪಲ್ಪರ್‌ಗಿಂತ ಮೇಲಿನದೊಂದು, ಕೆಳಗಿನದೊಂದು.

ವರ್ಷಕ್ಕೊಮ್ಮೆ ಪಟ್ಟಿಯನ್ನು ಮರುಪರಿಶೀಲಿಸುವುದು ಸಾಮಾನ್ಯ ಕ್ರಮ. ಆದರೆ 2018ರ ಆಗಸ್ಟ್‌ನಂತೆ ಗುಡ್ಡ ಜರಿದಾಗ ವರ್ಷ ಮುಗಿಯಲೆಂದು ಕಾಯಬಾರದು. ಮಿತಿ ಎಷ್ಟು ಅಂಕಕ್ಕೆ ಎಂಬುದನ್ನು ಅಂಕ ನೋಡುವ ಮೊದಲೇ ಬರೆದಿಡಬೇಕು, ಇಲ್ಲವಾದರೆ ಮುಜುಗರದ ವಿಷಯ ಬಂದಾಗ ಮಿತಿಯೇ ಮೇಲೇರುತ್ತದೆ. ಆಡಳಿತ ಮಂಡಳಿ ಯಾವುದಾದರೂ ಅಂಕ ಇಳಿಸಿದರೆ ಹಳೆಯ ಅಂಕ, ಹೊಸ ಅಂಕ, ಕಾರಣ, ಸಹಿ ಎಲ್ಲವೂ ಕಡತದಲ್ಲಿರಲಿ.