ವೈ-ಫೈ ಸಾಲೇ ಮಾಯವಾದರೆ

ರಾತ್ರಿ ಸರಿಯಾಗಿದ್ದ ವಿಂಡೋಸ್ ಡೆಸ್ಕ್‌ಟಾಪನ್ನು ಬೆಳಿಗ್ಗೆ ಆನ್ ಮಾಡಿದರೆ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಎಂಬ ಸಾಲೇ ಇರುವುದಿಲ್ಲ. ಏರ್‌ಪ್ಲೇನ್ ಮೋಡ್, ವಿಪಿಎನ್, ಪ್ರಾಕ್ಸಿ ಮಾತ್ರ ಕಾಣುತ್ತವೆ. ಹೆಚ್ಚಿನವರು ತಕ್ಷಣ ರೌಟರ್ ಕಡೆಗೆ ಓಡುತ್ತಾರೆ. ಆದರೆ ರೌಟರ್ ಕೆಟ್ಟು ಕೂತರೂ ಆ ಸಾಲು ಇರಲೇಬೇಕು. ಅದು ಇಲ್ಲವೆಂದರೆ ದೋಷ ಕಂಪ್ಯೂಟರ್ ಒಳಗೇ ಇದೆ.

ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ, ನೆಟ್‌ವರ್ಕ್ ಅಡಾಪ್ಟರ್ಸ್ ಪಟ್ಟಿ ನೋಡಿ. ವೈ-ಫೈ ಕಾರ್ಡಿನ ಹೆಸರು ಸರಿಯಾಗಿಯೇ ಇದ್ದರೆ, ಸರ್ವೀಸಸ್‌ಗೆ (ಹಿನ್ನೆಲೆಯಲ್ಲಿ ಓಡುವ ಸೇವೆಗಳ ಪಟ್ಟಿ) ಹೋಗಿ, ವೈ-ಫೈಯನ್ನು ನಡೆಸುವ 'ಡಬ್ಲ್ಯೂಲ್ಯಾನ್ ಆಟೊಕಾನ್ಫಿಗ್' ನಿಂತಿದೆಯೇ ನೋಡಿ, ನಿಂತಿದ್ದರೆ ಸ್ಟಾರ್ಟ್ ಕೊಡಿ. ಹೆಸರಿನ ಮೇಲೆ ಹಳದಿ ಗುರುತು, ಜೊತೆಗೆ ಕೋಡ್ 10 ಇದ್ದರೆ ಕಾರ್ಡ್ ಏಳಲು ಒಪ್ಪುತ್ತಿಲ್ಲ ಎಂದರ್ಥ. ಹೆಸರೇ ಇಲ್ಲದಿದ್ದರೆ ಕಾರ್ಡ್ ಇದೆಯೆಂಬುದೇ ವಿಂಡೋಸ್‌ಗೆ ಗೊತ್ತಾಗಿಲ್ಲ.

ಈ ಎರಡಕ್ಕೂ ಮೊದಲು ಮಾಡಬೇಕಾದ್ದು ರೀಸ್ಟಾರ್ಟ್. ಇಲ್ಲೇ ಜನ ಎಡವುವುದು: ಮೂರು ಸಲ ಶಟ್‌ಡೌನ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ ಎನ್ನುತ್ತಾರೆ. 2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬುದೊಂದಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ನೀವು ತೆರೆದ ತಂತ್ರಾಂಶಗಳು ಮುಚ್ಚುತ್ತವೆ, ಆದರೆ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ (ಕಾರ್ಡಿನಂಥ ಭಾಗಗಳನ್ನು ನಡೆಸುವ ತಂತ್ರಾಂಶ) ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೆಯೇ ಮೇಲೆದ್ದು ಬರುತ್ತದೆ. ಗೊಂದಲಕ್ಕೆ ಬಿದ್ದ ಡ್ರೈವರ್ ಅದೇ ಗೊಂದಲದೊಂದಿಗೆ ಮರಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಹೆಸರು ನೋಡಿದರೆ ಉಲ್ಟಾ ಅನ್ನಿಸುತ್ತದೆ, ನಿಜ.

ರೀಸ್ಟಾರ್ಟ್‌ಗೂ ಬಗ್ಗದಿದ್ದರೆ ಕರೆಂಟನ್ನೇ ತಪ್ಪಿಸಬೇಕು. ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಪೆಟ್ಟಿಗೆಯಿಂದ ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಹರಿಯುತ್ತಲೇ ಇರುತ್ತದೆ. ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗೇ ಇರುವ ತಂತ್ರಾಂಶ) ಸಿಕ್ಕಿಕೊಂಡಿದ್ದರೆ ಈ ಕರೆಂಟ್ ಇರುವವರೆಗೂ ಬಿಡಿಸಿಕೊಳ್ಳದೇ ಇರಬಹುದು. ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕೀಳಿ, ಪವರ್ ಗುಂಡಿಯನ್ನು 15-20 ಸೆಕೆಂಡು ಒತ್ತಿ ಹಿಡಿಯಿರಿ. ಒಂದು ನಿಮಿಷ ಬಿಟ್ಟು ಜೋಡಿಸಿ. ಯುಪಿಎಸ್ ಇರುವ ಮನೆಯಲ್ಲಿ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಕೇಬಲ್ ಕೀಳಲೇಬೇಕು.

ಇದು ವಾರಕ್ಕೊಮ್ಮೆ ಮರುಕಳಿಸಿದರೆ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ'. ಅಲ್ಲಿ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿದ ಮೇಲೆಯೇ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಲು ಬರುವುದು. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ ಆನ್ ಆಗಲು ಕೆಲವು ಸೆಕೆಂಡು ತಡವಾಗಬಹುದು, ಅಷ್ಟೆ. ಸ್ಲೀಪ್‌ನಿಂದ ಎದ್ದ ಮೇಲೆ ಮಾತ್ರ ವೈ-ಫೈ ಹೋಗುತ್ತಿದ್ದರೆ, ಕಾರ್ಡಿನ ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಕಾರ್ಡನ್ನು ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ.

ಸೆಟ್ಟಿಂಗ್ಸ್‌ನಲ್ಲಿರುವ 'ನೆಟ್‌ವರ್ಕ್ ರಿಸೆಟ್' ಕಡೆಯ ಅಸ್ತ್ರ. ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳು ಅಳಿಯುತ್ತವೆ, ಕಚೇರಿಯ ವಿಪಿಎನ್ ಇದ್ದರೆ ಅದನ್ನು ಮತ್ತೆ ಹಾಕಿಕೊಳ್ಳಬೇಕಾಗಬಹುದು. ಅದಕ್ಕೆ ಮೊದಲು ಮದರ್‌ಬೋರ್ಡ್ ಅಥವಾ ಕಾರ್ಡ್ ಕಂಪನಿಯ ತಾಣದಿಂದ ಡ್ರೈವರ್ ಹಾಕಿ ನೋಡಿ. ನೆಟ್ ಇಲ್ಲದೆ ಇಳಿಸುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿದರೆ ಸಾಕು. ಬರೀ ಚಾರ್ಜಿಂಗ್ ಕೇಬಲಾದರೆ ನಡೆಯದು.

ಸಾಲು ಇದ್ದೂ ಸಿಗ್ನಲ್ ಒಂದೇ ಗೆರೆಯಾದರೆ ಕತೆ ಬೇರೆ: ಕ್ಯಾಬಿನೆಟ್ ಹಿಂದೆ ಎರಡು ಆಂಟೆನಾ ತಿರುಗಿಸಿ ಕೂರಿಸಿದ್ದೀರಾ ನೋಡಿ. ಪೆಟ್ಟಿಗೆಯಲ್ಲೇ ಮರೆತುಹೋಗುವ ವಸ್ತು ಅದು.